ಪೀಣ್ಯದ ಮಷಿನ್ ಶಾಪ್: ಡೀಸೆಲ್ ಕೆಲಸ ಇಳಿಯುತ್ತಿದೆ. ಯಾವ ಕಡೆ ತಿರುಗೋಣ, ಹುಡುಗರಿಗೆ ಯಾವಾಗ ಹೇಳೋಣ?

ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಮಷಿನ್ ಶಾಪ್. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದವರು. ಸ್ವಯಂ ನಿವೃತ್ತಿ ತೆಗೆದುಕೊಂಡು, ಬಂದ ದುಡ್ಡಿನಲ್ಲಿ ಲೇತ್ ಹಾಕಿ ಶುರು ಮಾಡಿದರು. ಈಗ ಎರಡು ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ) ಟರ್ನಿಂಗ್ ಮಷಿನ್, ಮೂರು ಹಳೇ ಲೇತ್, ಒಂದು ಸೆಂಟರ್‌ಲೆಸ್ ಗ್ರೈಂಡರ್ ಇವೆ. 14 ಜನ ಕೆಲಸಕ್ಕಿದ್ದಾರೆ. ಅಪ್ಪನಿಗೆ ವಯಸ್ಸಾಯಿತು, ಶಾಪ್ ಜವಾಬ್ದಾರಿ ಈಗ ನನ್ನದು.

ನಮ್ಮ ಮುಖ್ಯ ಕೆಲಸ ಡೀಸೆಲ್ ಪಂಪ್‌ಗೆ ಹೋಗುವ ಪಿನ್, ಬುಷ್, ಸಣ್ಣ ಶಾಫ್ಟ್. 2020ರ ಏಪ್ರಿಲ್‌ನಲ್ಲಿ ಗಾಡಿಗಳ ಹೊಗೆಗೆ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಆಮೇಲೆ ಎಲೆಕ್ಟ್ರಿಕ್ ಗಾಡಿಗಳ ಗಾಳಿ ಎದ್ದಿತು. ನಮಗೆ ಕೆಲಸ ಕೊಡುವ ದೊಡ್ಡ ಕಂಪನಿಯವರು ಈಗ ಹೊಸ ಡ್ರಾಯಿಂಗ್ ಕಳಿಸುತ್ತಿಲ್ಲ. ಹಳೇ ಐಟಂಗಳ ಶೆಡ್ಯೂಲ್ ಮಾತ್ರ ಬರುತ್ತಿದೆ, ಅದೂ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆ.

ಮುಂದೆ ಎರಡು ದಾರಿ ಕಾಣುತ್ತಿವೆ. ಎಲೆಕ್ಟ್ರಿಕ್ ಸ್ಕೂಟರ್‌ಗೆ ಮೋಟರ್ ಶಾಫ್ಟ್ ಮತ್ತು ಅಲ್ಯೂಮಿನಿಯಂ ಹೌಸಿಂಗ್ ಮಾಡಿಕೊಡುತ್ತೀರಾ ಅಂತ ಒಬ್ಬರು ಕೇಳಿದ್ದಾರೆ. ಹೌಸಿಂಗ್, ಅಂದರೆ ಮೋಟರಿನ ಹೊರಕವಚ, ಮಾಡಲು ವಿಎಂಸಿ ಅನ್ನುವ ಮಿಲ್ಲಿಂಗ್ ಮಷಿನ್ ಬೇಕು, ಅಂದರೆ ಸಾಲ. ಇನ್ನೊಬ್ಬರು ವಿಮಾನದ ಬಿಡಿಭಾಗಗಳ ಕಡೆ ಬನ್ನಿ ಅನ್ನುತ್ತಿದ್ದಾರೆ.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುತ್ತಿರುವುದು ಬೇರೆ. ಹುಡುಗರಿಗೆ ಯಾವಾಗ ಹೇಳಬೇಕು? ಹಳೇ ಲೇತ್ ಮೇಲೆ ಕೆಲಸ ಮಾಡುವ ಮೂವರು ಐವತ್ತು ದಾಟಿದವರು. ಅಪ್ಪನ ಜೊತೆಗೇ ಬಂದವರು, ನನ್ನನ್ನು ಚಿಕ್ಕಂದಿನಿಂದ ನೋಡಿದವರು. "ಆರ್ಡರ್ ಕೈಗೆ ಬರುವವರೆಗೆ ಬಾಯಿ ಬಿಡಬೇಡ, ಒಳ್ಳೇ ಹುಡುಗರು ಮೊದಲು ಬಿಟ್ಟು ಹೋಗ್ತಾರೆ" ಅನ್ನುತ್ತಾರೆ ಅಪ್ಪ. ನನಗೆ ಅದು ಸರಿ ಕಾಣುತ್ತಿಲ್ಲ. ಅನುಭವ ಇರುವವರು ಹೇಳಿ.

ಹಳೇ ಟೂಲ್‌ರೂಮ್

ನೋಡಮ್ಮ, ನಾನು ಜಾಲಹಳ್ಳಿ ಕಡೆಯವನು. ನಮ್ಮ ಬೀದಿಯಲ್ಲಿ ಮನೆಗೊಬ್ಬರು ಎಚ್‌ಎಂಟಿಯವರು ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಬದಲಾವಣೆ ಅಂದರೆ ಎಚ್‌ಎಂಟಿಗೆ ಗೊತ್ತಿರಲಿಲ್ಲ ಅಂತ ಈಗ ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಅದು ತಪ್ಪು. 1953ರಲ್ಲಿ ಯಂತ್ರ ಮಾಡುವ ಯಂತ್ರಗಳಿಗಾಗಿ ಶುರುವಾದ ಕಾರ್ಖಾನೆ ಅದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಕೈಗಡಿಯಾರಕ್ಕೆ ಕೈ ಹಾಕಿತು. 1971ರಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರ್. ಲೇತ್ ಮಾಡುವವರು ವಾಚ್ ಮಾಡಿದರು, ಟ್ರ್ಯಾಕ್ಟರ್ ಮಾಡಿದರು! ಇದಕ್ಕಿಂತ ದೊಡ್ಡ ತಿರುವು ಯಾವ ಕಂಪನಿ ತೆಗೆದುಕೊಂಡಿದೆ ಹೇಳಿ. ಜನತಾ, ಪೈಲಟ್, ಕಾಂಚನ್ ವಾಚುಗಳಿಗೆ ಜನ ಕಾಯುತ್ತಿದ್ದರು. ಮದುವೆಗೆ ಹುಡುಗನಿಗೆ ಎಚ್‌ಎಂಟಿ ವಾಚೇ ಕೊಡಬೇಕು ಅನ್ನುವ ಕಾಲ ಅದು.

ಆಮೇಲೆ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ವಾಚ್ ಬಂತು. ಪಕ್ಕದ ಹೊಸೂರಿನಲ್ಲಿ ಟೈಟನ್ ಬಂತು. ಕಡೆಗೆ 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ವಾಚ್ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು.

ನಾನು ಕಣ್ಣಾರೆ ಕಂಡದ್ದು ಏನೆಂದರೆ, ಆ ಕೊನೆಯ ವರ್ಷಗಳಲ್ಲಿ ಕೆಲಸಗಾರರಿಗೆ ಸುದ್ದಿ ಸಿಗುತ್ತಿದ್ದದ್ದು ಪೇಪರಿನಿಂದ, ಬಸ್ ಸ್ಟಾಪಿನಿಂದ. ಇವತ್ತು ಮುಚ್ಚುತ್ತೆ ಅಂತೆ, ನಾಳೆ ಪ್ಯಾಕೇಜ್ ಬರುತ್ತೆ ಅಂತೆ. "ಅಂತೆ"ಯಲ್ಲೇ ವರ್ಷಗಳು ಕಳೆದವು. ಕೂದಲೆಳೆಗಿಂತ ಸಣ್ಣ ಸ್ಕ್ರೂ ಹಿಡಿದು ಜೋಡಿಸುತ್ತಿದ್ದ ಹೆಣ್ಣುಮಕ್ಕಳು, ಅಚ್ಚು, ಗೇಜ್‌ಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಮಾಡುತ್ತಿದ್ದ ಟೂಲ್‌ರೂಮಿನವರು, ಬೇರೆ ಕಡೆ ಹೋಗಬಹುದಾದ ವಯಸ್ಸಿನಲ್ಲಿ ಹೋಗಲಿಲ್ಲ. ಯಾರೂ ಕೂರಿಸಿಕೊಂಡು ನಿಜ ಹೇಳದಿದ್ದರೆ ಹೋಗುವುದು ಹೇಗೆ? ಆರ್ಡರ್ ಸಿಗಲಿ ಬಿಡಲಿ, ನಿನ್ನ ಜನಕ್ಕೆ ಈಗಲೇ ಹೇಳಮ್ಮ.

ಹೊಸೂರು ಬಸ್

ಮೇಲಿನವರ ಮಾತು ನಿಜ, ಆದರೆ ಒಂದು ಸೇರಿಸಬೇಕು. ಎಚ್‌ಎಂಟಿ ಕ್ವಾರ್ಟ್ಸ್ ನೋಡಿರಲಿಲ್ಲ ಅಂತಲ್ಲ. 1980ರ ದಶಕದ ಶುರುವಿನಲ್ಲೇ ಅವರು ಕ್ವಾರ್ಟ್ಸ್ ವಾಚ್ ತಂದಿದ್ದರು. ಆದರೆ ಕಾರ್ಖಾನೆಗಳು, ಮಷಿನ್‌ಗಳು, ತರಬೇತಾದ ಜನ, ಎಲ್ಲ ಇದ್ದದ್ದು ಕೀ ಕೊಡುವ ವಾಚಿಗೆ. ಅಷ್ಟು ದೊಡ್ಡ ಗಾಡಿಯನ್ನು ತಿರುಗಿಸುವುದು ಕಷ್ಟ. ಟೈಟನ್‌ಗೆ ತಿರುಗಿಸಲು ಹಳೇದು ಏನೂ ಇರಲಿಲ್ಲ. 1984ರಲ್ಲಿ ಟಾಟಾ ಮತ್ತು ತಮಿಳುನಾಡಿನ ಕೈಗಾರಿಕಾ ನಿಗಮ ಸೇರಿ ಕಟ್ಟಿದ್ದು. ಅದರ ಮುಖ್ಯಸ್ಥರಾಗಿದ್ದ ಕ್ಸೆರ್ಕ್ಸೆಸ್ ದೇಸಾಯಿ ಮೊದಲ ದಿನದಿಂದಲೇ ಕ್ವಾರ್ಟ್ಸ್ ಮೇಲೆ ನಿಂತರು. ಒಳ್ಳೇ ಅಂಗಡಿ, ಒಳ್ಳೇ ಡಿಸೈನ್, ಒಳ್ಳೇ ಜಾಹೀರಾತು. ಸುತ್ತಲಿನ ಜಿಲ್ಲೆಯ ಶಾಲೆಗಳಿಂದ ಹುಡುಗ ಹುಡುಗಿಯರನ್ನು ಆರಿಸಿ ತಂದು ಕೆಲಸ ಕಲಿಸಿದರು.

ಆದರೆ ಮೇಡಂ, ನಿಮಗೆ ಉಪಯೋಗ ಆಗುವ ಭಾಗ ಇದಲ್ಲ. ಟೈಟನ್ ಆಮೇಲೆ ಏನು ಮಾಡಿತು ನೋಡಿ. ವಾಚ್ ಮಾಡಲು ತಾವೇ ಕಲಿತ ಸೂಕ್ಷ್ಮ ಕೆಲಸ ಇತ್ತಲ್ಲ, ಟೂಲ್ ಮಾಡುವುದು, ಅಸೆಂಬ್ಲಿ ಲೈನ್ ಮಾಡುವುದು, ಅದನ್ನೇ ಹೊರಗಿನವರಿಗೆ ಮಾರಲು ಶುರು ಮಾಡಿದರು. ಈಗ ಅದು ಟೈಟನ್ ಎಂಜಿನಿಯರಿಂಗ್ ಅಂಡ್ ಆಟೊಮೇಷನ್ ಅನ್ನುವ ಬೇರೆ ಕಂಪನಿ. ವಿಮಾನದ ಬಿಡಿಭಾಗ ಮಾಡುತ್ತಾರೆ, ಬೇರೆ ಕಾರ್ಖಾನೆಗಳಿಗೆ ಆಟೊಮೇಷನ್ ಲೈನ್ ಕಟ್ಟಿಕೊಡುತ್ತಾರೆ.

ಹಾಗಾಗಿ "ನಾವು ಡೀಸೆಲ್ ಪಿನ್ ಮಾಡುವವರು" ಅಂತ ಯೋಚಿಸಬೇಡಿ. ನಿಮ್ಮ ಕೈಯಲ್ಲಿರುವುದು ಸಣ್ಣ ವ್ಯಾಸದ, ಬಿಗಿ ಟಾಲರೆನ್ಸಿನ (ಅಳತೆ ಸ್ವಲ್ಪವೂ ತಪ್ಪಬಾರದ), ಗ್ರೈಂಡಿಂಗ್ ಆದ ದುಂಡು ಭಾಗ. ಅದು ಎಲ್ಲೆಲ್ಲಿ ಬೇಕು ಅಂತ ಪಟ್ಟಿ ಮಾಡಿ. ಮೋಟರ್ ಶಾಫ್ಟ್ ನಿಮ್ಮ ಈಗಿನ ಮಷಿನ್‌ಗಳಲ್ಲೇ ಆಗುತ್ತದೆ. ಹೌಸಿಂಗ್ ಪೂರ್ತಿ ಬೇರೆ ಕೆಲಸ.

ಟೈಟನ್‌ನ ಒಡವೆ ಅಂಗಡಿ ತನಿಷ್ಕ್ ಕಥೆ ಹೇಳಿ ಧೈರ್ಯ ತುಂಬುವವರೂ ಸಿಗುತ್ತಾರೆ. 1996ರಲ್ಲಿ ಮೊದಲ ಅಂಗಡಿ ತೆರೆದರು, 18 ಕ್ಯಾರೆಟ್ ಒಡವೆ ನಮ್ಮ ಜನಕ್ಕೆ ಹಿಡಿಸಲಿಲ್ಲ, ಮೊದಲ ವರ್ಷಗಳಲ್ಲಿ ನಷ್ಟ, ಆಮೇಲೆ 22 ಕ್ಯಾರೆಟ್‌ಗೆ ಬಂದು ಗೆದ್ದರು. ಈಗ ಟೈಟನ್ ವ್ಯಾಪಾರದ ಬಹುಪಾಲು ಒಡವೆಯದೇ. ನಿಜವೇ. ಆದರೆ ನಷ್ಟ ತಡೆಯಲು ಅವರ ಹಿಂದೆ ಟಾಟಾ ಇತ್ತು. ನಮ್ಮಂಥ ಶಾಪ್‌ಗಳಿಗೆ ಆರು ತಿಂಗಳು ಕಂತು ತಪ್ಪಿದರೆ ಬ್ಯಾಂಕಿನವರು ಬಾಗಿಲಿಗೆ ಬರುತ್ತಾರೆ.

ಬೆಳಗಾವಿ ಫೌಂಡ್ರಿ

ಡೀಸೆಲ್ ನಾಳೆನೇ ಹೋಗಲ್ಲ ರೀ. ಕಾರು ಬಿಡಿ, ಟ್ರ್ಯಾಕ್ಟರ್ ಇದೆ, ಜೆಸಿಬಿ ಇದೆ, ಜನರೇಟರ್ ಇದೆ, ಲಾರಿ ಇದೆ. ರಸ್ತೆ ಮೇಲಿರುವ ಗಾಡಿಗಳಿಗೆ ಬಿಡಿಭಾಗ ಇನ್ನೂ ಹಲವು ವರ್ಷ ಬೇಕು. ನಾವು ಪಂಪ್ ಮತ್ತು ಎಂಜಿನ್ ಕಾಸ್ಟಿಂಗ್ ಎರಡೂ ಮಾಡ್ತೇವೆ, ಕೆಲಸ ನಿಂತಿಲ್ಲ. ಹಳೇದನ್ನು ಒಮ್ಮೆಲೇ ಬಿಡಬೇಡಿ. ಸಂಬಳ ಕೊಡುತ್ತಿರುವುದು ಅದೇ. ಎಲೆಕ್ಟ್ರಿಕ್ ಗಾಡಿಗೂ ಬ್ರೇಕ್ ಬೇಕು, ಸಸ್ಪೆನ್ಷನ್ ಬೇಕು, ಸ್ಟಿಯರಿಂಗ್ ಬೇಕು, ಅಲ್ಲೂ ಪಿನ್, ಬುಷ್ ಇದ್ದೇ ಇವೆ.

ಪೀಣ್ಯ ಎರಡನೇ ಹಂತ

ಬಹಳ ಉಪಯೋಗ ಆಯಿತು. ದುಂಡು ಭಾಗದ ಪಟ್ಟಿ ಇವತ್ತೇ ಶುರು ಮಾಡುತ್ತೇನೆ. ವಿಮಾನದ ಕೆಲಸದ ಬಗ್ಗೆ ಯಾರಾದರೂ ಒಳಗಿನವರು ಹೇಳುತ್ತೀರಾ? ನಮಗೆ ಸಿಕ್ಕವರು ಮಾರ್ಜಿನ್ ತುಂಬಾ ಚೆನ್ನಾಗಿದೆ ಅನ್ನುತ್ತಾರೆ.

ದೇವನಹಳ್ಳಿ ಕ್ವಾಲಿಟಿ

ನಾನು ಆ ಕಡೆ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನಿಮಗೆ ನಿರಾಸೆ ಮಾಡುವ ಉದ್ದೇಶ ಇಲ್ಲ, ಆದರೆ ಇದನ್ನು ತಿಳಿದುಕೊಂಡೇ ಹೊರಡಿ.

ಮೊದಲು ವಿಮಾನ ಉದ್ಯಮದ ಗುಣಮಟ್ಟಕ್ಕೆ ಕೊಡುವ ಎಎಸ್9100 ಪ್ರಮಾಣಪತ್ರ ಬೇಕು. ಅದು ಬರೀ ಗೋಡೆಗೆ ನೇತುಹಾಕುವ ಕಾಗದ ಅಲ್ಲ. ಯಾವ ಕಬ್ಬಿಣ ಯಾವ ಹೀಟ್‌ನಿಂದ, ಅಂದರೆ ಕುಲುಮೆಯಲ್ಲಿ ಕರಗಿಸಿದ ಯಾವ ಬ್ಯಾಚ್‌ನಿಂದ ಬಂತು, ಯಾರು ಯಾವ ಮಷಿನ್‌ನಲ್ಲಿ ಮಾಡಿದರು, ಯಾವ ಗೇಜ್‌ನಿಂದ ಅಳೆದರು, ಆ ಗೇಜ್ ಕ್ಯಾಲಿಬ್ರೇಷನ್ ಆದದ್ದು ಯಾವಾಗ, ಎಲ್ಲದಕ್ಕೂ ದಾಖಲೆ ಇರಬೇಕು. ಹೊಸ ಭಾಗ ಅಂದರೆ ಮೊದಲ ಪೀಸಿನ ಡ್ರಾಯಿಂಗಿನಲ್ಲಿರುವ ಪ್ರತಿಯೊಂದು ಅಳತೆಯನ್ನೂ ನಂಬರ್ ಹಾಕಿ ಅಳೆದು ಬರೆದುಕೊಡಬೇಕು. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಹೊರಗೆ ಮಾಡಿಸುವುದಾದರೆ ಅವರಿಗೂ ಮಾನ್ಯತೆ ಇರಬೇಕು. ಲಾಟ್ ಚಿಕ್ಕದು. ಕೊಟೇಷನ್‌ನಿಂದ ಮೊದಲ ಬಿಲ್ ಪಾಸಾಗುವವರೆಗೆ ಕಾಲ ತುಂಬಾ ಹಿಡಿಯುತ್ತದೆ. ಡೀಸೆಲ್ ಇಳಿಯುತ್ತಿರುವಾಗ ತಕ್ಷಣ ಕೈ ಹಿಡಿಯುವ ಕೆಲಸ ಇದಲ್ಲ.

ಆದರೆ ಆಗುವುದೇ ಇಲ್ಲ ಅಂತಲ್ಲ. ನಿಮ್ಮ ಪೀಣ್ಯದಲ್ಲೇ ಟ್ರ್ಯಾಕ್ಟರ್‌ಗೆ ಹೈಡ್ರಾಲಿಕ್ ಪಂಪ್ ಮಾಡುತ್ತಿದ್ದ ಡೈನಮ್ಯಾಟಿಕ್, ಏರ್‌ಬಸ್ ಎ320 ವಿಮಾನದ ರೆಕ್ಕೆಗೆ ಫ್ಲ್ಯಾಪ್ ಟ್ರ್ಯಾಕ್ ಬೀಮ್ ಮಾಡುವ ಮಟ್ಟಕ್ಕೆ ಬೆಳೆಯಿತು. ಪಂಪ್ ಕೆಲಸ ಬಿಟ್ಟು ಅಲ್ಲ, ಅದನ್ನು ಇಟ್ಟುಕೊಂಡೇ. ಅದಕ್ಕೆ ವರ್ಷಗಳೇ ಹಿಡಿದವು.

ನನ್ನ ಸಲಹೆ ಕೇಳಿದರೆ ಭಾಗ ಬೇಡ, ಫಿಕ್ಸ್ಚರ್ (ಕೆಲಸ ಮಾಡುವಾಗ ಭಾಗವನ್ನು ಹಿಡಿದಿಡುವ ಸಾಧನ) ಮತ್ತು ಗೇಜ್‌ನಿಂದ (ಅಳತೆ ಸಾಧನ) ಶುರು ಮಾಡಿ. ವಿಮಾನದ ಭಾಗ ಮಾಡುವ ಕಂಪನಿಗಳಿಗೆ ದಿನಾ ಹೊಸ ಫಿಕ್ಸ್ಚರ್ ಬೇಕು. ಒಂದೊಂದು ಪೀಸ್, ಸೂಕ್ಷ್ಮ ಕೆಲಸ, ವಿಮಾನದೊಳಗೆ ಹೋಗುವುದಲ್ಲ, ಹಾಗಾಗಿ ಕಾಗದ ಕಮ್ಮಿ. ಮತ್ತೆ ಒಂದೊಂದೇ ಪೀಸ್ ಮಾಡಲು ನಿಮ್ಮ ಹಳೇ ಲೇತ್‌ನ ಆ ಮೂವರಿಗಿಂತ ಒಳ್ಳೆಯವರು ಸಿಗಲ್ಲ. ಪ್ರೋಗ್ರಾಂ ಬರೆದು, ಸೆಟ್ಟಿಂಗ್ ಮಾಡಿ, ಒಂದೇ ಒಂದು ಪೀಸ್ ತೆಗೆಯುವಷ್ಟರಲ್ಲಿ ಹಳೇ ಟರ್ನರ್ ಕೆಲಸ ಮುಗಿಸಿ ಕೈ ಒರೆಸಿಕೊಂಡಿರುತ್ತಾನೆ.

ನೈಟ್ ಶಿಫ್ಟ್

ಅಕ್ಕ, ನಾನು ಮಾಲೀಕ ಅಲ್ಲ, ಸಿಎನ್‌ಸಿ ಆಪರೇಟರ್. ನಮ್ಮ ಕಡೆಯಿಂದ ಹೇಳುತ್ತೇನೆ.

ನಿಮ್ಮ ಹುಡುಗರಿಗೆ ಆಗಲೇ ಗೊತ್ತು. ರಾಡ್ ತರುವ ಗಾಡಿ ಮೊದಲು ವಾರಕ್ಕೊಮ್ಮೆ ಬರುತ್ತಿತ್ತು, ಈಗ ತಿಂಗಳಿಗೊಮ್ಮೆ ಬಂದರೆ ನಮಗೆ ಕಾಣಲ್ವಾ? ಓಟಿ ನಿಂತಿತು. ಸ್ಕ್ರ್ಯಾಪ್ ಡಬ್ಬ ತುಂಬುತ್ತಿಲ್ಲ. ನಾವು ಊಟದ ಹೊತ್ತಿನಲ್ಲಿ ಬೇರೇನು ಮಾತಾಡುತ್ತೇವೆ ಅಂದುಕೊಂಡಿದ್ದೀರಿ? ನೀವು ಹೇಳದಿದ್ದರೆ ನಾವು ಇರುವುದಕ್ಕಿಂತ ಕೆಟ್ಟದ್ದನ್ನೇ ಊಹೆ ಮಾಡುತ್ತೇವೆ. ಒಳ್ಳೇ ಹುಡುಗರು ಸುದ್ದಿ ಕೇಳಿ ಬಿಟ್ಟು ಹೋಗಲ್ಲ ಅಕ್ಕ, ಸುದ್ದಿ ಮುಚ್ಚಿಟ್ಟಿದ್ದಾರೆ ಅಂತ ಗೊತ್ತಾದಾಗ ಹೋಗುತ್ತಾರೆ. ನಾನು ಹಿಂದಿನ ಶಾಪ್ ಬಿಟ್ಟದ್ದು ಹಾಗೇ. ಮಾಲೀಕರು ಎಲ್ಲ ಚೆನ್ನಾಗಿದೆ ಅನ್ನುತ್ತಲೇ ಇದ್ದರು, ಪಿಎಫ್ ಕಟ್ಟುವುದು ನಿಲ್ಲಿಸಿದ್ದು ನಮಗೆ ಮೊಬೈಲ್ ಮೆಸೇಜ್ ಬರದೇ ಇದ್ದಾಗ ತಿಳಿಯಿತು.

ಹೇಳುವಾಗ ಸುಮ್ನೆ ಧೈರ್ಯ ಕೊಡಬೇಡಿ. ಎಷ್ಟು ತಿಂಗಳ ಕೆಲಸ ಕೈಯಲ್ಲಿದೆ, ಅದನ್ನು ಹೇಳಿ. ಏನೇನು ಪ್ರಯತ್ನ ಮಾಡುತ್ತಿದ್ದೀರಿ, ಹೇಳಿ. ಕೆಲಸ ಸಿಗದಿದ್ದರೆ ಏನು ಕೊಡುತ್ತೀರಿ, ಅದನ್ನೂ ಹೇಳಿ.

ಇನ್ನೊಂದು, ಆ ಹಿರಿಯರ ವಿಷಯ. ಅವರನ್ನು ಸಿಎನ್‌ಸಿ ಕಲಿಯಲು ಇಪ್ಪತ್ತೆರಡರ ಹುಡುಗನ ಕೈಕೆಳಗೆ ನಿಲ್ಲಿಸಬೇಡಿ. ನಮ್ಮಲ್ಲಿ ಹಾಗೆ ಮಾಡಿದರು, ಒಬ್ಬರು ಮರುವಾರ ಬರಲೇ ಇಲ್ಲ. ಟೂಲ್ ಸವೆದದ್ದನ್ನು ಅವರು ಶಬ್ದದಲ್ಲೇ ಹೇಳುತ್ತಾರೆ, ನಮಗೆ ಪೀಸ್ ರಿಜೆಕ್ಟ್ ಆದಮೇಲೆ ಗೊತ್ತಾಗುತ್ತೆ. ಸೆಟ್ಟಿಂಗ್, ಇನ್ಸ್‌ಪೆಕ್ಷನ್, ಫಿಕ್ಸ್ಚರ್ ಅವರಿಗೆ ಕೊಡಿ. ಪ್ರೋಗ್ರಾಂ ಹುಡುಗರು ಬರೆಯಲಿ. ಇಬ್ಬರೂ ಒಬ್ಬರಿಗೊಬ್ಬರು ಕಲಿಸುವ ಹಾಗೆ ಜೋಡಿ ಮಾಡಿ.

ಲೆಕ್ಕದ ಪುಸ್ತಕ

ನಾನು ಪೀಣ್ಯ, ರಾಜಾಜಿನಗರ ಕಡೆ ಸಣ್ಣ ಕಾರ್ಖಾನೆಗಳ ಲೆಕ್ಕ ನೋಡುತ್ತೇನೆ. ಮೇಡಂ, ದುಡ್ಡಿನ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ.

ವಿಎಂಸಿ ಈಗ ಬೇಡ. ಬಾಯಿ ಮಾತಿನ ಮೇಲೆ ಮಷಿನ್ ತಂದು ಕಷ್ಟಕ್ಕೆ ಸಿಕ್ಕಿದ ಶಾಪ್‌ಗಳನ್ನು ನಾನು ನೋಡಿದ್ದೇನೆ. ಸ್ಕೂಟರ್ ಕಂಪನಿ ಮಾಡೆಲ್ ಬದಲಾಯಿಸಿದರೆ ನಿಮ್ಮ ಹೌಸಿಂಗ್‌ಗೆ ಬೆಲೆ ಇಲ್ಲ, ಕಂತು ಮಾತ್ರ ಹಾಗೇ ಇರುತ್ತದೆ. ಲಿಖಿತ ಪಿಓ (ಖರೀದಿ ಆದೇಶ) ಬರಲಿ, ಅದರಲ್ಲಿ ಕನಿಷ್ಠ ಸಂಖ್ಯೆ ಇರಲಿ. ಅಲ್ಲಿಯವರೆಗೆ ಪೀಣ್ಯದಲ್ಲೇ ಖಾಲಿ ಕೂತಿರುವ ವಿಎಂಸಿಗಳಿವೆ, ಗಂಟೆ ಲೆಕ್ಕದಲ್ಲಿ ಮಾಡಿಸಿ. ಲಾಭ ಕಮ್ಮಿ ಆಗುತ್ತದೆ, ನಿದ್ದೆ ಬರುತ್ತದೆ. ನಿಜವಾಗಿ ತೆಗೆದುಕೊಳ್ಳುವ ದಿನ ಬಂದಾಗ ಸಣ್ಣ ಉದ್ಯಮಗಳ ಸಾಲಕ್ಕೆ ಸರ್ಕಾರಿ ಟ್ರಸ್ಟ್ ಕೊಡುವ ಸಿಜಿಟಿಎಂಎಸ್ಇ ಗ್ಯಾರಂಟಿ ಅಡಿಯಲ್ಲಿ ಕೇಳಿ, ಮನೆ ಪತ್ರ ಅಡ ಇಡಬೇಡಿ.

ಎರಡನೇದು ಬಾಕಿ. 2006ರ ಎಂಎಸ್ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾನೂನಿನ ಪ್ರಕಾರ ಸಣ್ಣ ಘಟಕಕ್ಕೆ ಕೊಡಬೇಕಾದ ಹಣವನ್ನು ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. 2023-24ರಿಂದ 1961ರ ಆದಾಯ ತೆರಿಗೆ ಕಾನೂನಿನ 43ಬಿ(ಎಚ್) ಸೆಕ್ಷನ್ ಕೂಡ ಸೇರಿತು. ಆ ಅವಧಿಯೊಳಗೆ ಕೊಡದೆ ವರ್ಷ ದಾಟಿಸಿದರೆ, ನಿಜವಾಗಿ ಹಣ ಕೊಟ್ಟ ವರ್ಷದವರೆಗೆ ಕಂಪನಿಯವರಿಗೆ ಆ ಖರ್ಚು ತೆರಿಗೆ ಲೆಕ್ಕದಲ್ಲಿ ಸಿಗಲ್ಲ. ಅವರ ಲೆಕ್ಕಪತ್ರ ವಿಭಾಗಕ್ಕೆ ಈ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ. ಸಣ್ಣ ಉದ್ಯಮ ಅಂತ ಸರ್ಕಾರ ಕೊಟ್ಟಿರುವ ನಿಮ್ಮ ಉದ್ಯಮ್ ನೋಂದಣಿ ಸಂಖ್ಯೆ ಪ್ರತಿ ಇನ್‌ವಾಯ್ಸ್ ಮೇಲೂ ಇರಲಿ. ಹಳೇ ಬಾಕಿ ಬಂದರೆ ಆರು ತಿಂಗಳ ಉಸಿರು ಸಿಗಬಹುದು, ಮೊದಲು ಅದನ್ನು ತನ್ನಿ.

ಮೂರನೇದು ಗ್ರಾಚ್ಯುಟಿ. ಅಪ್ಪನ ಕಾಲದವರಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ದೊಡ್ಡ ಮೊತ್ತವೇ ಆಗುತ್ತದೆ. ಅದನ್ನು ಈಗಲೇ ಬರೆದು, ಬೇರೆ ಖಾತೆಯಲ್ಲಿ ತೆಗೆದಿಡಿ. ಹುಡುಗರ ಮುಂದೆ ಮಾತಾಡುವಾಗ ಆ ಕಾಗದ ನಿಮ್ಮ ಕೈಯಲ್ಲಿರಲಿ.

ಮಾನ್ಯತಾ ಗೇಟ್ 5

ನಾನು ಐಟಿಯವಳು, ಲೇತ್ ಬಗ್ಗೆ ಗೊತ್ತಿಲ್ಲ. ಆದರೆ ಇದೇ ಪ್ರಶ್ನೆ ನಮ್ಮಲ್ಲೂ ಇದೆ. ನಮ್ಮ ತಂಡದಲ್ಲಿ ಕೈಯಿಂದ ಟೆಸ್ಟಿಂಗ್ ಮಾಡುವ ಹನ್ನೊಂದು ಜನ ಇದ್ದೆವು. ಆ ಕೆಲಸ ಕಮ್ಮಿ ಆಗುತ್ತದೆ ಅಂತ ನಮ್ಮ ಮ್ಯಾನೇಜರ್ ಒಂದು ವರ್ಷ ಮೊದಲೇ ಕೂರಿಸಿ ಹೇಳಿದರು. ಯಾರ ಕೆಲಸಕ್ಕೂ ಗ್ಯಾರಂಟಿ ಕೊಡಲಿಲ್ಲ. ಪ್ರತಿ ಶುಕ್ರವಾರ ಅರ್ಧ ದಿನ ಕಲಿಯಲು ಬಿಟ್ಟರು. ಕೆಲವರು ಆಟೊಮೇಷನ್ ಕಲಿತರು, ಒಬ್ಬರು ಕಂಪನಿ ಬಿಟ್ಟು ಬೇರೆ ಕೆಲಸ ಹುಡುಕಿಕೊಂಡರು. ಯಾರಿಗೂ ಮೋಸ ಆಯಿತು ಅನ್ನಿಸಲಿಲ್ಲ. ಬೇರೆ ತಂಡದವರಿಗೆ ಸೋಮವಾರ ಬೆಳಿಗ್ಗೆ ಲಾಗಿನ್ ಆಗದಾಗಲೇ ಗೊತ್ತಾಗಿದ್ದು. ಆ ಎರಡು ತಂಡಗಳ ನಡುವಿನ ವ್ಯತ್ಯಾಸ ಒಬ್ಬ ಮ್ಯಾನೇಜರ್ ಮಾತ್ರ.

ಪೀಣ್ಯ ಎರಡನೇ ಹಂತ

ಹೇಳಿದೆ. ಮೊನ್ನೆ ಶನಿವಾರ ಸಂಬಳದ ದಿನ, ಮಷಿನ್ ನಿಲ್ಲಿಸಿ ಎಲ್ಲರನ್ನೂ ಕೂರಿಸಿ ಹೇಳಿದೆ. ಅಪ್ಪನನ್ನು ಒಪ್ಪಿಸಲು ಸಾಕಾಯಿತು. ಕಡೆಗೆ "ನಿನ್ನ ಕಾರ್ಖಾನೆಯಲ್ಲಿ ನಿನಗೆ ಯಾರಾದರೂ ಮೊದಲೇ ಹೇಳಿದ್ದರೆ ಬೇಡ ಅನ್ನುತ್ತಿದ್ದೆಯಾ" ಅಂತ ಕೇಳಿದೆ. ಏನೂ ಹೇಳಲಿಲ್ಲ, ಶನಿವಾರ ಬಂದು ನನ್ನ ಪಕ್ಕ ಕೂತರು.

ನೈಟ್ ಶಿಫ್ಟ್ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಯಾರಿಗೂ ಆಶ್ಚರ್ಯ ಆಗಲಿಲ್ಲ. ಕೈಯಲ್ಲಿ ಎಷ್ಟು ತಿಂಗಳ ಶೆಡ್ಯೂಲ್ ಇದೆ ಅಂತ ಬೋರ್ಡ್ ಮೇಲೆ ಬರೆದೆ. ಗ್ರಾಚ್ಯುಟಿ ಲೆಕ್ಕ ತೋರಿಸಿದೆ. ಒಬ್ಬ ಹುಡುಗ ಊರಿಗೆ ಹೋಗುವ ಯೋಚನೆ ಇದೆ ಅಂದ, ಒಳ್ಳೇದು, ತಿಂಗಳು ಮೊದಲು ಹೇಳು ಅಂದೆ. ಹಿರಿಯರಲ್ಲಿ ಒಬ್ಬರು ನನಗೆ ಗೊತ್ತೇ ಇಲ್ಲದ ವಿಷಯ ಹೇಳಿದರು. ಅವರು ಹಿಂದೆ ಟೂಲ್‌ರೂಮಿನಲ್ಲಿ ಗೇಜ್ ಮಾಡುತ್ತಿದ್ದರಂತೆ. ಇಷ್ಟು ವರ್ಷ ನಾವು ಅವರ ಕೈಯಲ್ಲಿ ಬುಷ್ ಮಾಡಿಸುತ್ತಿದ್ದೆವು!

ಸದ್ಯಕ್ಕೆ ತೀರ್ಮಾನ ಇಷ್ಟು. ಡೀಸೆಲ್ ಕೆಲಸ ಇರುವಷ್ಟು ದಿನ ಇರಲಿ. ಶಾಫ್ಟ್‌ಗೆ ಸ್ಯಾಂಪಲ್ ಕೊಡುತ್ತೇವೆ, ಹೌಸಿಂಗ್ ಬೇಡ ಅಂದೆವು. ಫಿಕ್ಸ್ಚರ್ ಕೆಲಸಕ್ಕೆ ಇಬ್ಬರನ್ನು ಭೇಟಿ ಆಗುತ್ತಿದ್ದೇನೆ. ಬಾಕಿ ಇರುವ ಕಂಪನಿಗೆ 43ಬಿ(ಎಚ್) ಪತ್ರ ಹೋಗಿದೆ.

ಇನ್ನೊಂದು ಪ್ರಶ್ನೆ. ಮೂವರು ಹುಡುಗರನ್ನು ತರಬೇತಿಗೆ ಕಳಿಸಬೇಕು ಅಂತಿದ್ದೇನೆ. ಎಲ್ಲಿಗೆ? ಆ ದಿನಗಳ ಸಂಬಳ ಪೂರ್ತಿ ಕೊಡಬೇಕಾ, ಅರ್ಧ ಸಾಕಾ?

ಹಳೇ ಟೂಲ್‌ರೂಮ್

ರಾಜಾಜಿನಗರದ ಜಿಟಿಟಿಸಿಗೆ, ಅಂದರೆ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರಕ್ಕೆ, ಹೋಗಿ ಕೇಳಮ್ಮ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದದ್ದು, ಟೂಲ್‌ರೂಮ್ ಕೆಲಸಕ್ಕೆ ಅದಕ್ಕಿಂತ ಒಳ್ಳೇ ಜಾಗ ನಮ್ಮಲ್ಲಿ ಕಮ್ಮಿ. ಅಳತೆ, ಮೆಟ್ರಾಲಜಿ ವಿಷಯಕ್ಕೆ ತುಮಕೂರು ರಸ್ತೆಯಲ್ಲಿರುವ ಯಂತ್ರ ತಯಾರಿಕೆಯ ಸಂಶೋಧನಾ ಸಂಸ್ಥೆ ಸಿಎಂಟಿಐನಲ್ಲೂ ವಿಚಾರಿಸು. ಗೇಜ್ ಮಾಡುತ್ತಿದ್ದ ಆ ಹಿರಿಯರನ್ನೇ ಜೊತೆಗೆ ಕರೆದುಕೊಂಡು ಹೋಗು. ಯಾವ ಕೋರ್ಸ್ ಬೇಕು, ಯಾವುದು ಬೇಡ ಅಂತ ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತೆ.

ನೈಟ್ ಶಿಫ್ಟ್

ಪೂರ್ತಿ ಸಂಬಳ ಕೊಡಿ ಅಕ್ಕ. ಅರ್ಧ ಕೊಟ್ಟರೆ ಮನೆ ಬಾಡಿಗೆ ಇರುವವನು ಕಲಿಯಲು ಬರಲ್ಲ, ಓಟಿ ಸಿಗುವ ಕಡೆ ಹೋಗುತ್ತಾನೆ. ಮೂವರನ್ನೂ ಒಟ್ಟಿಗೆ ಕಳಿಸಬೇಡಿ, ಒಬ್ಬೊಬ್ಬರಾಗಿ ಕಳಿಸಿ. ಹೋಗಿ ಬಂದವನು ಶಾಪ್‌ನಲ್ಲಿ ಇನ್ನಿಬ್ಬರಿಗೆ ಹೇಳಿಕೊಡಲಿ. ಮತ್ತೆ ಕಲಿತು ಬಂದಮೇಲೆ ಇಷ್ಟು ವರ್ಷ ಇಲ್ಲೇ ಇರಬೇಕು ಅಂತ ಬಾಂಡ್ ಬರೆಸಿಕೊಳ್ಳಬೇಡಿ. ಕಲಿತ ಕೆಲಸ ಶಾಪ್‌ಗೆ ಬಂದ ತಿಂಗಳೇ ಸಂಬಳ ಎಷ್ಟು ಏರಿಸುತ್ತೀರಿ ಅಂತ ಕಳಿಸುವ ಮೊದಲೇ ಹೇಳಿಬಿಡಿ.